ಗುರುತಿಲ್ಲದವರ ರಕ್ತವೇ ಲೇಸು

‘ಪೇಷೆಂಟ್ ಕಡೆಯವರು ಯಾರಾದರೂ ರಕ್ತ ಕೊಡಬೇಕು’ ಎಂದು ನರ್ಸ್ ಹೇಳಿಹೋದೊಡನೆ ವಾರ್ಡಿನ ಹೊರಗೆ ನಂಟಸ್ತಿಕೆಯ ಲೆಕ್ಕಾಚಾರ ಶುರುವಾಗುತ್ತದೆ. ಮಗ ಕೊಟ್ಟರೆ ಸೊರಗಿಯಾನೆಂದು ತಾಯಿಗೆ ದಿಗಿಲು. ಅಳಿಯನನ್ನು ಕೇಳಲು ಸಂಕೋಚ. ಕೊನೆಗೆ ಯಾರೋ ಒಪ್ಪಿದರೆ, ಅವರ ಋಣ ತೀರಿಸುವುದು ಹೇಗೆಂಬ ಚಿಂತೆ.

ಸೊರಗುವ ಭಯಕ್ಕೆ ಆಧಾರವಿಲ್ಲ. ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ತೆಗೆಯುವುದು 350 ಅಥವಾ 450 ಮಿಲಿ. ಅದರ ದ್ರವಾಂಶ ಒಂದೆರಡು ದಿನದಲ್ಲಿ, ಕೆಂಪು ಕಣಗಳು ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತವೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ದೇಶದ ಅರ್ಧಕ್ಕೂ ಹೆಚ್ಚು ಹೆಂಗಸರಿಗೆ ರಕ್ತಹೀನತೆಯಿದೆ. ಹೆರಿಗೆಯಲ್ಲಿ ರಕ್ತ ಬೇಕಾಗುವ ಅವರೇ ಈ ಗೆರೆಯಾಚೆ ಉಳಿಯುತ್ತಾರೆ.

‘ನಮ್ಮವರ ರಕ್ತವೇ ಒಳ್ಳೆಯದು’ ಎಂಬ ನಂಬಿಕೆ ಇನ್ನೂ ಗಟ್ಟಿ. ವೈದ್ಯಶಾಸ್ತ್ರ ಹೇಳುವುದು ಬೇರೆ. ಹೆತ್ತವರು, ಮಕ್ಕಳು, ಒಡಹುಟ್ಟಿದವರ ರಕ್ತ ಏರಿಸುವುದಾದರೆ ಮೊದಲು ಅದನ್ನು ವಿಕಿರಣಕ್ಕೆ ಒಡ್ಡಬೇಕು. ಇಲ್ಲದಿದ್ದರೆ, ಹೋಲಿಕೆಯ ದೆಸೆಯಿಂದ ರೋಗಿಯ ದೇಹ ದಾನಿಯ ಬಿಳಿ ಕಣಗಳನ್ನು ಹೊರಗಿನವೆಂದು ಗುರುತಿಸದೆ ಹೋಗಬಹುದು. ಹಾಗೆ ಉಳಿದುಕೊಂಡ ಕಣಗಳು ರೋಗಿಯ ಮೇಲೇ ತಿರುಗಿಬೀಳುತ್ತವೆ. ಈ ತೊಡಕು ಅಪರೂಪ, ಆದರೆ ಬಂದರೆ ಬದುಕುವವರು ವಿರಳ.

ಇನ್ನೊಂದು ಅಪಾಯ ಮುಲಾಜಿನದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯವಾದರೂ ಹೊಸದಾಗಿ ತಗಲಿದ ಸೋಂಕು ಕೆಲಕಾಲ ಪರೀಕ್ಷೆಗೆ ಸಿಗುವುದಿಲ್ಲ. ಅಲ್ಲಿ ದಾನಿಯ ಪ್ರಾಮಾಣಿಕ ಉತ್ತರವೇ ಕಾವಲು. ನಂಟರೆಲ್ಲ ಎದುರಿಗೆ ನಿಂತಿರುವಾಗ ಗುಟ್ಟು ಬಿಚ್ಚುವವರು ಎಷ್ಟು ಮಂದಿ? ಯಾರೂ ಸಿಗದ ಮನೆಯವರು ಕದ್ದು ರಕ್ತ ಮಾರುವವರನ್ನು ಹುಡುಕುವುದೂ ಉಂಟು. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧ.

ನಂಟರನ್ನೇ ಮೊದಲು ಹುಡುಕಬೇಕಾದ ಪ್ರಸಂಗವೂ ಇದೆ. 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ‘ಬಾಂಬೆ’ ಗುಂಪಿನವರಿಗೆ ಓ ಗುಂಪಿನ ರಕ್ತವೂ ಆಗದು. ಒಡಹುಟ್ಟಿದವರಲ್ಲಿ ಅದೇ ಗುಂಪು ಸಿಗುವ ಸಾಧ್ಯತೆ ಹೆಚ್ಚು. ಉಳಿದ ಬಹುತೇಕರಿಗೆ ಬೇಕಾದದ್ದು ಯಾರೂ ಕೇಳುವ ಮೊದಲೇ ಕೊಟ್ಟು, ಪರೀಕ್ಷೆ ಮುಗಿಸಿ, ಶೈತ್ಯದಲ್ಲಿ ಸಿದ್ಧವಾಗಿರುವ ಚೀಲ. ಅದರ ಮೇಲೆ ಗುಂಪು, ಸಂಖ್ಯೆ, ದಿನಾಂಕ ಇರುತ್ತವೆ. ದಾನಿಯ ಹೆಸರಾಗಲಿ ಜಾತಿಯಾಗಲಿ ಇರುವುದಿಲ್ಲ. ಹಾಗಾಗಿ ಋಣಭಾರವೂ ಇಲ್ಲ.

ಕೊಡುವ ಮನಸ್ಸು ನಮ್ಮಲ್ಲಿ ಇಲ್ಲದಿಲ್ಲ. ಮಾರ್ಚ್ 17ರಂದು ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಶಿಬಿರಗಳಲ್ಲಿ ಸಾಲುಗಟ್ಟುತ್ತಾರೆ. ಆದರೆ ಪ್ಲೇಟ್‌ಲೆಟ್ ಬಾಳುವುದು 5 ದಿನ, ಕೆಂಪು ಕಣ ಹೆಚ್ಚೆಂದರೆ 42 ದಿನ. ಆ ದಿನ ಕೊಟ್ಟ ರಕ್ತ ಏಪ್ರಿಲ್ ದಾಟದು. ಕಾಲೇಜುಗಳಿಗೆ ರಜೆಯಿರುವ ಮೇ ತಿಂಗಳಿಗೂ ಮಳೆಗಾಲದ ಡೆಂಗಿಗೂ ಬೇರೆ ದಾನಿಗಳೇ ಬರಬೇಕು. ಹುಟ್ಟುಹಬ್ಬಕ್ಕೆ ಬಂದ ಗಂಡಸರು 90 ದಿನ ಎಣಿಸಿ ಜೂನ್ ನಡುವೆ ಮತ್ತೊಮ್ಮೆ ಬಂದರೆ, ವಾರ್ಡಿನ ಹೊರಗೆ ನಿಂತ ಮನೆಯವರು ಯಾರ ಮುಂದೆಯೂ ಕೈಚಾಚಬೇಕಿಲ್ಲ.