ಬ್ಲೂಸ್ ಗಾಯಕರೂ ರಸಿಕರ ಸಂಘಗಳೂ

ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿ ದುಡಿದ ಆಫ್ರಿಕನ್ ಮೂಲದ ಜನರ ಬಾಳಿನಿಂದ ಹುಟ್ಟಿದ ಗೇಯಪ್ರಕಾರವೇ ಬ್ಲೂಸ್. ಅದರ ಚೌಕಟ್ಟು ಸರಳವಾದುದು. ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಆವರ್ತಗಳಲ್ಲಿ ಸಾಮಾನ್ಯವಾಗಿ ಒಂದು ಚರಣ ಮುಗಿಯುತ್ತದೆ. ಸಾಲುಗಳು ಮೂರು: ಮೊದಲನೆಯದೇ ಮತ್ತೊಮ್ಮೆ ಬರುತ್ತದೆ, ಮೂರನೆಯದು ಅದಕ್ಕೆ ಉತ್ತರ ಕೊಡುತ್ತದೆ. ಸಾಲಿನ ಕೊನೆಯಲ್ಲಿ ಉಳಿಯುವ ತೆರವನ್ನು ಗಿಟಾರು ತುಂಬುತ್ತದೆ.

ಈ ಜನರು ಉದ್ಯೋಗವನ್ನರಸಿ ಉತ್ತರದ ನಗರಗಳಿಗೆ ಹೊರಟಾಗ ಹಾಡೂ ಅವರೊಡನೆ ಹೊರಟಿತು. 1943ರಲ್ಲಿ ಮಿಸಿಸಿಪಿಯಿಂದ ಷಿಕಾಗೋ ಸೇರಿದ ಮಡ್ಡಿ ವಾಟರ್ಸ್, ಪಾನಗೃಹಗಳ ಗದ್ದಲದಲ್ಲಿ ತಮ್ಮ ವಾದನ ಕೇಳಿಸಬೇಕೆಂದು ವಿದ್ಯುತ್ ಗಿಟಾರನ್ನು ಹಿಡಿದರು. ಊರಿನಲ್ಲಿಯೇ ಉಳಿದ ಅನೇಕರನ್ನು ಮಾರುಕಟ್ಟೆ ಮರೆಯಿತು. 1928ರಲ್ಲಿ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದ ಮಿಸಿಸಿಪಿ ಜಾನ್ ಹರ್ಟ್ ಮರಳಿ ಹೊಲದ ಕೆಲಸಕ್ಕೆ ಹೋದರು. 1963ರಲ್ಲಿ ಅವರನ್ನು ಹುಡುಕಿ ತೆಗೆದವರು ವ್ಯಾಪಾರಿಗಳಲ್ಲ, ಹಳೆಯ ತಟ್ಟೆಗಳ ಬೆನ್ನುಹತ್ತಿದ ತರುಣ ರಸಿಕರು. ಆ ಎರಡನೆಯ ಕೀರ್ತಿ ಅವರಿಗೆ ದೊರೆತದ್ದು ಮೂರೇ ವರ್ಷ. 1966ರಲ್ಲಿ ಅವರು ನಿಧನರಾದರು.

ಇಂದು ಅನೇಕ ನಗರಗಳಲ್ಲಿರುವ ಬ್ಲೂಸ್ ಸಂಘಗಳು ಈ ರಸಿಕತೆಗೆ ಸ್ಥಿರರೂಪ ಕೊಟ್ಟಿವೆ. ಸದಸ್ಯರ ವಂತಿಗೆಯ ಬಲದಿಂದ ಅವು ಕಚೇರಿಗಳನ್ನು ಏರ್ಪಡಿಸುತ್ತವೆ. ನುರಿತ ಕಲಾವಿದನಿಗೆ ಅಲ್ಲಿ ಗಮನವಿಟ್ಟು ಕೇಳುವ ಸಭೆ ಸಿಗುತ್ತದೆ. ಹೊಸಬನಿಗೆ ಹಿರಿಯರ ಜೊತೆಗೆ ನುಡಿಸುವ ಅವಕಾಶವೂ ಒದಗುತ್ತದೆ. 1980ರಲ್ಲಿ ಸ್ಥಾಪಿತವಾದ ಮೆಂಫಿಸ್ ನಗರದ ಬ್ಲೂಸ್ ಪ್ರತಿಷ್ಠಾನವು 1984ರಲ್ಲಿ ಆರಂಭಿಸಿದ ಸ್ಪರ್ಧೆಗೆ ಇಂಥ ಸಂಘಗಳೇ ತಮ್ಮ ಊರಿನ ಗಾಯಕರನ್ನು ಆರಿಸಿ ಕಳುಹಿಸುತ್ತವೆ. ಕಾಯಿಲೆ ಬಿದ್ದ ಕಲಾವಿದರ ಚಿಕಿತ್ಸೆಗಾಗಿ ಆ ಪ್ರತಿಷ್ಠಾನದಲ್ಲಿ ಒಂದು ನಿಧಿಯೂ ಉಂಟು.

ಹರ್ಟ್ ಅವರ ಕಂಠವನ್ನು ತಟ್ಟೆ ಮೂವತ್ತೈದು ವರ್ಷ ಕಾಪಾಡಿತು. ಅವರ ಬಾಳನ್ನು ಕಾಪಾಡಲಿಲ್ಲ. ಹಾಡುವವನು ಬದುಕಿರುವಾಗಲೇ ಅವನನ್ನು ಕರೆದು ಕೂರಿಸಿ ಕೇಳುವುದು ಸಂಘದಿಂದ ಮಾತ್ರ ಆಗತಕ್ಕ ಕಾರ್ಯ.