‘ನನಗೂ ಹಾಗೇ ಆಗುತ್ತೆ’

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳಿದ್ದು ಒಂದೇ ಮಾತು: “ಆರಾಮಿದೀನಿ ಅವ್ವ.” ರಾತ್ರಿ ಎದೆ ಸ್ವಲ್ಪ ಹಿಡಿದರೂ ನಿದ್ದೆ ಹಾರಿಹೋಗುತ್ತಿತ್ತು.

ಇಲ್ಲಿ ಬ್ರಿಟನ್ನಿನಲ್ಲಿ ಹೃದ್ರೋಗದ ಸಂಶೋಧಕರು ರೋಗಿಗಳ ಸಲಹೆಯನ್ನೂ ಕೇಳುತ್ತಾರೆ. ವ್ಯಾಯಾಮದ ಕ್ಲಾಸಿನ ನರ್ಸ್ ಹೇಳಿದ್ದಕ್ಕೆ ಅಂಥ ಒಂದು ಗುಂಪಿಗೆ ಹೋದೆ. ನಮ್ಮ ಮೇಲೆ ಔಷಧಿ ಪ್ರಯೋಗ ಮಾಡುವುದಿಲ್ಲ. ಅವರು ಬರೆದ ಮಾಹಿತಿ ಪತ್ರ, ಪ್ರಶ್ನೆಗಳನ್ನು ಓದಿ ಅರ್ಥವಾಗುತ್ತದೋ ಇಲ್ಲವೋ ಹೇಳಬೇಕು, ಅಷ್ಟೇ.

“ಊಟದ ಪಟ್ಟಿಯಲ್ಲಿ ಬ್ರೆಡ್ಡು, ಚೀಸು ಇದೆ. ಅನ್ನ, ಉಪ್ಪಿನಕಾಯಿ, ಹಪ್ಪಳ ತಿನ್ನೋರು ಏನು ಬರೀಬೇಕು?” ಅಂದೆ. “ನೈಟ್ ಶಿಫ್ಟ್ ಮುಗಿಸಿದೋರು ಬೆಳಿಗ್ಗೆ 9ಕ್ಕೆ ತಪಾಸಣೆಗೆ ಹೇಗೆ ಬರ್ತಾರೆ?” ಅಂತಲೂ ಕೇಳಿದೆ. ಬರೆದುಕೊಂಡರು. ದಕ್ಷಿಣ ಏಷ್ಯಾ ಮೂಲದವರಿಗೆ ಇಲ್ಲಿ ಹೃದಯಾಘಾತದ ಅಪಾಯ ಹೆಚ್ಚು. ಅಧ್ಯಯನಗಳಲ್ಲಿ ಮಾತ್ರ ನಮ್ಮವರು ಕಡಿಮೆ.

ಟೀ ಹೊತ್ತಿನಲ್ಲಿ, ಬೈಪಾಸ್ ಆಗಿದ್ದ ಪಂಜಾಬಿ ಬಸ್ ಡ್ರೈವರ್ ಒಬ್ಬರಿಗೆ ನನ್ನ ರಾತ್ರಿಗಳ ವಿಷಯ ಹೇಳಿದೆ. “ನನಗೂ ಹಾಗೇ ಆಗುತ್ತೆ” ಅಂದರು. ಅವತ್ತೇ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. ಅವ್ವ ಅತ್ತಳು, ನನಗೆ ನಿದ್ದೆ ಬಂತು.

ನಿಮಗೂ ಮನಸ್ಸಿದ್ದರೆ ನಿಮ್ಮ ಆಸ್ಪತ್ರೆಯ ನರ್ಸನ್ನು ಕೇಳಿ. ಓಡಾಟದ ಖರ್ಚು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಎದೆನೋವು ಬಂದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡಿ, ತಕ್ಷಣ 999ಕ್ಕೆ ಫೋನ್ ಮಾಡಿ.