ನಮ್ಮ ಮನೆಯ ಚಿತ್ರ ಯಾರ ಕೈಯಲ್ಲಿದೆ?

ನಿಮ್ಮ ಮನೆಯ ಅಲ್ಮಾರಿಯಲ್ಲಿ ನಿಕಾಹ್‌ನ ಹಳೆಯ ಆಲ್ಬಮ್ ಇರಬಹುದು. ಅದರಲ್ಲಿರುವ ಚಿತ್ರಗಳನ್ನು ಯಾರು ಯಾರು ನೋಡಿದ್ದಾರೆಂದು ನೀವು ಸುಲಭವಾಗಿ ಹೇಳಬಲ್ಲಿರಿ. ಕಳೆದ ಈದ್ ದಿನ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳ ಬಗ್ಗೆ ಹಾಗೆ ಹೇಳಬಲ್ಲಿರಾ?

ಕೊಡೇಕಲ್, ಹುಣಸಗಿ, ಸುರಪುರದ ಕಡೆ ಫೋಟೋ ತೆಗೆಸುವುದು ಒಂದು ಕಾಲಕ್ಕೆ ದೊಡ್ಡ ಕೆಲಸವಾಗಿತ್ತು. ಒಂದು ರೋಲ್‌ಗೆ 36 ಚಿತ್ರ. ಒಂದು ಕೆಟ್ಟರೂ ಹಣ ಹೋದಂತೆಯೇ. ಆದುದರಿಂದ ಫೋಟೋಗ್ರಾಫರ್ ಯೋಚಿಸಿ ಗುಂಡಿ ಒತ್ತುತ್ತಿದ್ದ. ನೆಗೆಟಿವ್ ಒಂದೇ ಇರುತ್ತಿತ್ತು. ಅದು ಅವನ ಬಳಿ ಅಮಾನತ್ತಾಗಿರುತ್ತಿತ್ತು.

ಎತ್ತರದ ಗೋಡೆಯ ಸ್ಟುಡಿಯೋ

1948ರವರೆಗೆ ನಮ್ಮ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್. ಪರ್ದಾದಲ್ಲಿರುವ ಹೆಂಗಸರಿಗೂ ತಮ್ಮ ಮತ್ತು ಮಕ್ಕಳ ಚಿತ್ರ ಬೇಕೆಂಬ ಆಸೆ ಇರುತ್ತದೆ ಎಂಬುದನ್ನು ಅವರು ಅರಿತರು. 1892ರಲ್ಲಿ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋ ತೆರೆದರು. ಸುತ್ತಲೂ ಎತ್ತರದ ಗೋಡೆ. ಗಂಡಸರಿಗೆ ಪ್ರವೇಶವಿಲ್ಲ. ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆ, ಸ್ಥಳೀಯ ಸ್ತ್ರೀ ಸಹಾಯಕರೊಂದಿಗೆ ಅಲ್ಲಿ ಚಿತ್ರ ತೆಗೆಯುತ್ತಿದ್ದರು.

ಗಮನಿಸಿ, ಕ್ಯಾಮೆರಾ ಎಂಬ ಹೊಸ ಯಂತ್ರವನ್ನು ಯಾರೂ ತಿರಸ್ಕರಿಸಲಿಲ್ಲ. ಹೆಣ್ಣುಮಕ್ಕಳ ಮರ್ಯಾದೆಯನ್ನೂ ಬಿಟ್ಟುಕೊಡಲಿಲ್ಲ. ಯಂತ್ರವೇ ಮನೆಯ ಅದಬ್‌ಗೆ ಹೊಂದಿಕೊಂಡಿತು.

ಗೋಡೆ ಬಿದ್ದದ್ದು ಹೇಗೆ?

1975ರಲ್ಲಿ ಅಮೆರಿಕದ ಕೊಡಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರೀಲ್ ಇಲ್ಲದ ಕ್ಯಾಮೆರಾ ತಯಾರಿಸಿದರು. ಒಂದು ಕಪ್ಪುಬಿಳುಪು ಚಿತ್ರ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. ರೀಲ್ ಮಾರಿ ಬೆಳೆದ ಅದೇ ಕಂಪೆನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಬೇಕಾಯಿತು. ಇಂದು ನೆಗೆಟಿವ್ ಇಲ್ಲ, ಪ್ರತಿ ತೆಗೆಯಲು ಖರ್ಚಿಲ್ಲ. ಒಂದು ಚಿತ್ರ ಕ್ಷಣದಲ್ಲಿ ಸಾವಿರವಾಗುತ್ತದೆ.

ಇದರಿಂದ ಒಳಿತೂ ಆಗಿದೆ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಗುಳೆ ಹೋದ ಮಗನ ಕೂಸು ಮೊದಲ ಹೆಜ್ಜೆ ಇಡುವುದನ್ನು ಊರಲ್ಲಿರುವ ಅಜ್ಜಿ ವಿಡಿಯೋ ಕಾಲ್‌ನಲ್ಲಿ ನೋಡುತ್ತಾಳೆ. ಇದು ಸಣ್ಣ ಸಂತೋಷವೇ?

ಆದರೆ ಇನ್ನೊಬ್ಬರ ಮನೆಗೆ ಹೋಗುವಾಗ ಸಲಾಮ್ ಹೇಳಿ, ಅನುಮತಿ ಪಡೆದು ಒಳಹೋಗಬೇಕೆಂದು ಕಲಿತವರು ನಾವು. ಮದುವೆಯ ಹೆಂಗಸರ ಕೋಣೆಯಲ್ಲಿ ಮೊಬೈಲ್ ಎತ್ತುವಾಗ ಆ ಅನುಮತಿ ಕೇಳುತ್ತೇವೆಯೇ? ಸ್ಟೇಟಸ್‌ಗೆ ಹಾಕಿದ ಚಿತ್ರದಲ್ಲಿ ನಮ್ಮ ಪಕ್ಕ ನಿಂತ ಸಹೋದರಿಗೆ ಅದು ಒಪ್ಪಿಗೆಯೇ?

ಈಗ ಮುಖ ಒಂದಿದ್ದರೆ ಸಾಕು, ಕಂಪ್ಯೂಟರ್ ಅದನ್ನು ಬೇರೆ ದೇಹಕ್ಕೆ ಅಂಟಿಸುತ್ತದೆ. 2023ರ ನವೆಂಬರ್‌ನಲ್ಲಿ ಕೊಡಗಿನ ಮೂಲದ ನಟಿ ರಶ್ಮಿಕಾ ಮಂದಣ್ಣರ ಮುಖವನ್ನು ಇನ್ನೊಬ್ಬ ಯುವತಿಯ ವಿಡಿಯೋಗೆ ಜೋಡಿಸಿ ಹರಡಲಾಯಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಒಬ್ಬನನ್ನು ಬಂಧಿಸಿದರು.

ನಾವೇನು ಮಾಡಬೇಕು?

* ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ. ತೆಗೆಯಲು ಒಪ್ಪಿದವಳು ಹಂಚಲು ಒಪ್ಪಿದ್ದಾಳೆಂದು ಭಾವಿಸಬೇಡಿ.
* ಮದುವೆಯ ಫೋಟೋಗ್ರಾಫರ್‌ನೊಂದಿಗೆ ಮೊದಲೇ ಮಾತಾಡಿ: ಹೆಂಗಸರ ಭಾಗಕ್ಕೆ ಮಹಿಳೆಯೇ ಬರಲಿ, ಚಿತ್ರಗಳು ಅವರ ಜಾಹೀರಾತಿಗೆ ಹೋಗದಿರಲಿ.
* ಮೊಬೈಲ್ ಮಾರುವ ಮುನ್ನ ಅದರಲ್ಲಿರುವುದನ್ನೆಲ್ಲ ಪೂರ್ತಿ ಅಳಿಸಿ.
* ಮಗಳ ಚಿತ್ರವನ್ನು ಯಾರಾದರೂ ದುರುಪಯೋಗ ಮಾಡಿದರೆ ಅವಳನ್ನು ಬೈಯಬೇಡಿ. ಅವಳು ಅಪರಾಧಿಯಲ್ಲ. ಸಂದೇಶಗಳನ್ನು ಅಳಿಸದೆ ಸಾಕ್ಷಿಯಾಗಿ ಇಟ್ಟುಕೊಳ್ಳಿ.

ಕಾನೂನು ನಮ್ಮ ಜೊತೆಗಿದೆ. ಹೆಣ್ಣಿನ ಖಾಸಗಿ ಕ್ಷಣದ ಚಿತ್ರವನ್ನು, ಅದನ್ನು ತೆಗೆಯಲು ಅವಳು ಒಪ್ಪಿದ್ದರೂ, ಹಂಚಲು ಒಪ್ಪದಿದ್ದಾಗ ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಸೈಬರ್ ಅಪರಾಧ ಸಹಾಯವಾಣಿ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ಇಂತಹ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಸಹೋದರಿಯರೇ, 1892ರಲ್ಲಿ ಗೋಡೆ ಕಟ್ಟಿದ್ದು ಸ್ಟುಡಿಯೋದವರು. ಈಗ ಕ್ಯಾಮೆರಾ ನಮ್ಮ ಕೈಯಲ್ಲೇ ಇದೆ, ಗೋಡೆಯನ್ನೂ ನಾವೇ ಕಟ್ಟಬೇಕು. "ತೆಗೆಯಲೇ?" ಎಂದು ಕೇಳುವ ಅಭ್ಯಾಸವನ್ನು ಈ ಈದ್‌ನಿಂದಲೇ ಮಕ್ಕಳಿಗೆ ಕಲಿಸೋಣ.